ಏಟ್‌ಬಿಟ್‌ಡು ಅಲ್ಟಿಮೇಟ್ 2ಸಿ: ಲೈಟ್ ಬಿಟ್ಟು ಸ್ಟಿಕ್ ನೋಡಿ ಕೊಂಡ ಕಂಟ್ರೋಲರ್

ಮೊದಲೇ ಹೇಳಿಬಿಡುತ್ತೇನೆ, ನನಗೆ ಈ ಗೇಮ್ ಕಂಟ್ರೋಲರ್ ಹಿಡಿಸಿದೆ. ಏಟ್‌ಬಿಟ್‌ಡು ಕಂಪನಿಯ ಅಲ್ಟಿಮೇಟ್ 2ಸಿ ವೈರ್‌ಲೆಸ್, ಪೀಚ್ ಬಣ್ಣದ್ದು. ಮನೆಗೆ ಬಂದು ವರ್ಷದ ಮೇಲಾಯಿತು. ರಾತ್ರಿ ಊಟ ಆದ ಮೇಲೆ ನಾನೋ ನನ್ನ ತಮ್ಮನೋ ಯಾರಾದರೊಬ್ಬರ ಕೈಯಲ್ಲಿ ಇದು ಇದ್ದೇ ಇರುತ್ತದೆ. ಆದರೆ "ಮಸ್ತ್ ಐತಿ, ತಗೋರಿ" ಅಂತ ಒಂದು ಸಾಲು ಬರೆದು ಐದು ಸ್ಟಾರ್ ಕೊಟ್ಟರೆ ಯಾರಿಗೂ ಉಪಯೋಗ ಇಲ್ಲ. ಕಂಟ್ರೋಲರ್ ಕೊಳ್ಳುವಾಗ ನಾವು ನೋಡುವುದೇ ಒಂದು, ಆರು ತಿಂಗಳ ಮೇಲೆ ಕೈಕೊಡುವುದೇ ಇನ್ನೊಂದು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಇದಕ್ಕೂ ಮುಂಚೆ ನಮ್ಮ ಮನೆಯಲ್ಲಿ ಒಂದು ಅಗ್ಗದ ವೈರ್‌ಲೆಸ್ ಕಂಟ್ರೋಲರ್ ಇತ್ತು. ಕಂಪನಿ ಹೆಸರು ಬೇಡ. ಮೈತುಂಬಾ ಲೈಟು, ಹಿಡಿಯೋ ಜಾಗದಲ್ಲೂ ಲೈಟು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ, ಹೆಬ್ಬೆರಳಿನಿಂದ ತಿರುವುವ ಎಡಗಡೆ ಸ್ಟಿಕ್ ತನ್ನ ಪಾಡಿಗೆ ತಾನು ಕೆಲಸ ಶುರು ಮಾಡಿತು. "ಅಕ್ಕಾ, ನಾ ಮುಟ್ಟೇ ಇಲ್ಲ, ತಾನ ಹೊಂಟಾನ ನೋಡ" ಅಂತ ತಮ್ಮ ಕೂಗಿದ. ಪರದೆಯ ಮೇಲೆ ಫುಟ್‌ಬಾಲ್ ಆಟಗಾರ ಚೆಂಡನ್ನು ಅಲ್ಲೇ ಬಿಟ್ಟು ಮೈದಾನದ ಮೂಲೆಗೆ ನಡೆದುಕೊಂಡು ಹೋಗುತ್ತಿದ್ದ. ಆಟ ಆಡುವವರು ಇದಕ್ಕೆ ಡ್ರಿಫ್ಟ್ ಅನ್ನುತ್ತಾರೆ. ಅಂಗಡಿಯವರನ್ನು ಕೇಳಿದರೆ "ನೀವು ಜೋರಾಗಿ ತಿರುವಿರಬೇಕು" ಅನ್ನುತ್ತಾರೆ. ಜೋರಾಗಿ ತಿರುವದೇ ಫುಟ್‌ಬಾಲ್ ಆಡೋದು ಹೇಗೆ, ಅದನ್ನು ಮಾತ್ರ ಹೇಳಲ್ಲ.

ನನ್ನ ಕೆಲಸ ಹುಬ್ಬಳ್ಳಿಯ ಗೋಕುಲ್ ರೋಡ್ ಕಡೆಯ ಒಂದು ವರ್ಕ್‌ಶಾಪಿನಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ರಿಪೇರಿ. ಸ್ಕ್ರೂಡ್ರೈವರ್ ಕೈಯಲ್ಲೇ ಇರುತ್ತದೆ, ಬಿಚ್ಚಿ ನೋಡದೆ ಸಮಾಧಾನ ಇಲ್ಲ. ಆ ಕಂಟ್ರೋಲರನ್ನೂ ಬಿಚ್ಚಿದೆ. ಸ್ಟಿಕ್ಕಿನ ಎರಡು ಬದಿಗೆ ಎರಡು ಪುಟ್ಟ ಪ್ಲಾಸ್ಟಿಕ್ ಡಬ್ಬಿ ಇರುತ್ತವೆ. ಒಂದು ಎಡ-ಬಲ ಅಳೆಯುತ್ತದೆ, ಇನ್ನೊಂದು ಮೇಲೆ-ಕೆಳಗೆ. ಮುಚ್ಚಳ ತೆಗೆದರೆ ಒಳಗೆ ಕಪ್ಪು ಕಾರ್ಬನ್ ಪಟ್ಟಿ, ಅದರ ಮೇಲೆ ಉಜ್ಜುತ್ತಾ ಓಡಾಡುವ ತೆಳ್ಳನೆಯ ಲೋಹದ ಕಾಲು. ಇದು ಪೊಟೆನ್ಷಿಯೋಮೀಟರ್. ಹಳೇ ರೇಡಿಯೋದ ವಾಲ್ಯೂಮ್ ತಿರುವಿದರೆ ಕರಕರ ಅಂತಿತ್ತಲ್ಲ, ಅದರೊಳಗೆ ಇರುತ್ತಿದ್ದದ್ದೂ ಇದೇ. ಉಜ್ಜಿ ಉಜ್ಜಿ ಪಟ್ಟಿ ಸವೆಯುತ್ತದೆ, ಪುಡಿ ಉದುರುತ್ತದೆ, ಆಮೇಲೆ ನಡುವೆ ಯಾವುದು ಅಂತ ಅದಕ್ಕೇ ಗೊತ್ತಾಗುವುದಿಲ್ಲ. ನಮ್ಮದರ ಪಟ್ಟಿಯಲ್ಲಿ ಸರಿಯಾಗಿ ನಡುವಿನ ಜಾಗದಲ್ಲೇ ಬಿಳಿಚಿದ ಗೆರೆ ಬಿದ್ದಿತ್ತು. ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಒರೆಸಿದೆ. ಕೆಲ ದಿನ ನೆಟ್ಟಗಿತ್ತು, ಆಮೇಲೆ ಮತ್ತೆ ಅದೇ ರಾಗ. ಸವೆದ ಪಟ್ಟಿಯನ್ನು ಒರೆಸಿದರೆ ಸ್ವಚ್ಛ ಆಗಬಹುದು, ಬೆಳೆಯುವುದಿಲ್ಲ.

ಅಗ್ಗದ ಮಾಲು ಅಂತ ಹೀಗಾಯಿತು ಅಂದುಕೊಳ್ಳಬೇಡಿ. ಸೋನಿ, ಮೈಕ್ರೋಸಾಫ್ಟ್ ಮಾರುವ ಮಾಮೂಲಿ ಕಂಟ್ರೋಲರ್‌ಗಳಲ್ಲೂ ಇರುವುದು ಇದೇ ಕಾರ್ಬನ್ ಪಟ್ಟಿ. ಅವರದು ಒಳ್ಳೆ ಗುಣಮಟ್ಟದ್ದು, ಜಾಸ್ತಿ ದಿನ ಬರುತ್ತದೆ, ಅಷ್ಟೇ ವ್ಯತ್ಯಾಸ. ಬೇರೆ ಕಂಪನಿಗಳ ಕಂಟ್ರೋಲರ್ ಕಡೆ ನಾನು ತಿರುಗಿದ್ದಕ್ಕೆ ರೇಟ್ ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ, ಈ ಒಂದು ವಿಷಯದಲ್ಲಿ ಸಣ್ಣ ಕಂಪನಿಗಳೇ ಮುಂದೆ ಹೋಗಿದ್ದವು. ಅವರು ಪಟ್ಟಿಯನ್ನೇ ತೆಗೆದುಹಾಕಿ ಹಾಲ್ ಸೆನ್ಸರ್ ಹಾಕಿದರು.

ಹಾಲ್ ಸೆನ್ಸರ್ ನನಗೆ ಹೊಸದಲ್ಲ. ನಾವು ದಿನಾ ಬಿಚ್ಚುವ ಸ್ಕೂಟರ್ ಥ್ರಾಟಲ್ ಒಳಗೆ ಇರುವುದು ಅದೇ. ಹಿಡಿಯಲ್ಲಿ ಒಂದು ಬಾಗಿದ ಮ್ಯಾಗ್ನೆಟ್, ಎದುರಿಗೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಕಪ್ಪು ಸೆನ್ಸರ್, ಮೂರು ವೈರು. ಮಲ್ಟಿಮೀಟರ್ ಹಿಡಿದರೆ ಬಿಟ್ಟಾಗ ಸುಮಾರು 0.8 ವೋಲ್ಟ್, ಪೂರ್ತಿ ತಿರುವಿದಾಗ 4 ವೋಲ್ಟಿನ ಆಸುಪಾಸು. ಒಂದಕ್ಕೊಂದು ತಾಗುವುದೇ ಇಲ್ಲ, ಹಾಗಾಗಿ ಸವೆಯುವ ಮಾತೇ ಇಲ್ಲ. ಮ್ಯಾಗ್ನೆಟ್ ಹತ್ತಿರ ಬಂದರೆ ವೋಲ್ಟೇಜ್ ಏರುತ್ತದೆ, ದೂರ ಹೋದರೆ ಇಳಿಯುತ್ತದೆ. ಎಡ್ವಿನ್ ಹಾಲ್ ಅನ್ನುವವರು 1879ರಲ್ಲೇ ಕಂಡುಹಿಡಿದ ಸಂಗತಿ ಇದು. ಆಟದ ಕಂಟ್ರೋಲರಿಗೂ ಇದು ನಿನ್ನೆ ಮೊನ್ನೆಯದಲ್ಲ. ಸೆಗಾ ಕಂಪನಿಯ ಡ್ರೀಮ್‌ಕಾಸ್ಟ್ 1998ರಲ್ಲಿ ಬಂದಾಗಲೇ ಅದರ ಸ್ಟಿಕ್ಕಿನಲ್ಲಿ ಹಾಲ್ ಸೆನ್ಸರ್ ಇತ್ತು. ಅಷ್ಟು ಹಳೇ ವಿದ್ಯೆಯನ್ನು ಆಮೇಲೆ ಎಲ್ಲರೂ ಯಾಕೆ ಬಿಟ್ಟರೋ. ಮಣ್ಣು, ಮಳೆ, ಗುಂಡಿ ಎಲ್ಲ ತಿಂದುಕೊಂಡು ಹುಬ್ಬಳ್ಳಿ ರಸ್ತೆಯಲ್ಲಿ ವರ್ಷಗಟ್ಟಲೆ ಓಡಿದ ಸ್ಕೂಟರಿನ ಥ್ರಾಟಲ್ ಸೆನ್ಸರ್ ಸರಿಯಾಗಿರುವುದನ್ನು ನಾನು ನೋಡಿದ್ದೇನೆ. ಅದಕ್ಕೇ ಹೊಸ ಕಂಟ್ರೋಲರ್ ಅಂದಾಗ ಮನಸ್ಸಿನಲ್ಲಿ ಇದ್ದದ್ದು ಒಂದೇ ಷರತ್ತು: ಹಾಲ್ ಸ್ಟಿಕ್ ಇರಬೇಕು. ಉಳಿದದ್ದು ಆಮೇಲೆ.

ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಕೊಪ್ಪಿಕರ್ ರೋಡಿಗೆ ಹೋದೆ. ಆ ಓಣಿಯಲ್ಲಿ ಮೊಬೈಲ್ ಕವರಿನಿಂದ ಹಿಡಿದು ಎಲ್ಲಾ ಸಿಗುತ್ತದೆ ಅಲ್ವಾ.

"ಬರ್ರಿ ಮೇಡಂ, ಏನ್ ತೋರಸ್ಲಿ?"

"ಹಾಲ್ ಎಫೆಕ್ಟ್ ಸ್ಟಿಕ್ ಇರೋ ವೈರ್‌ಲೆಸ್ ಕಂಟ್ರೋಲರ್ ಐತೇನ್ರಿ ಅಣ್ಣಾರ?"

"ಎಫೆಕ್ಟ್ ಎಲ್ಲಾ ಅದಾವ್ರಿ. ಇಲ್ಲೆ ನೋಡ್ರಿ, ಏಳು ಕಲರ್ ಬದಲಾಕ್ಕಾವ."

ನಗು ತಡೆದುಕೊಂಡೆ. ಅವರ ತಪ್ಪೂ ಇಲ್ಲ ಬಿಡಿ, ಕೇಳಿ ಬರುವವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಲೈಟನ್ನೇ ಕೇಳುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಲೈಟಿಗೆ ಬೇಕಾದ ಕರೆಂಟ್ ಬರುವುದೂ ಅದೇ ಪುಟ್ಟ ಬ್ಯಾಟರಿಯಿಂದ ಅನ್ನೋದನ್ನು ಯಾರೂ ಯೋಚಿಸಲ್ಲ. ಆದರೆ ಆ ಅಂಗಡಿಯ ಅಣ್ಣ ಒಳ್ಳೆಯವರು. ಲ್ಯಾಪ್‌ಟಾಪಿಗೆ ಹಾಕಿ ನೋಡಲಾ ಅಂದಾಗ ಮುಖ ಗಂಟಿಕ್ಕಲಿಲ್ಲ, ಕುರ್ಚಿ ಎಳೆದುಕೊಟ್ಟರು. ಎಲ್ಲರೂ ಹೀಗಿರುವುದಿಲ್ಲ. ಸೀಲ್ ಒಡೆದರೆ ತಗೊಳ್ಳಲೇಬೇಕು ಅನ್ನುವ ಕಡೆ ನಾನು ನಿಲ್ಲುವುದೂ ಇಲ್ಲ.

ಅಂಗಡಿಯಲ್ಲಿ ಆಟ ಹಾಕಿ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಇದನ್ನು ನೆನಪಿಡಿ. ಯಾಕೆ ಅಂದರೆ ಡೆಡ್‌ಝೋನ್. ನಡುವಿನಿಂದ ಇಷ್ಟು ದೂರದವರೆಗೆ ಸ್ಟಿಕ್ ಅಲ್ಲಾಡಿದರೂ ಲೆಕ್ಕಕ್ಕಿಲ್ಲ ಅಂತ ಆಟ ಮೊದಲೇ ಬಿಟ್ಟುಕೊಟ್ಟ ಜಾಗ ಅದು. ಕಂಟ್ರೋಲರಿನ ಅಂಕಿ ಓದಲು ವಿಂಡೋಸ್ ಬಳಸುವ ಎಕ್ಸ್‌ಇನ್‌ಪುಟ್ ಪದ್ಧತಿಯಲ್ಲಿ ಸ್ಟಿಕ್ ಪೂರ್ತಿ ತಳ್ಳಿದರೆ 32767 ಬರುತ್ತದೆ. ಡೆಡ್‌ಝೋನಿಗೆ ಮೈಕ್ರೋಸಾಫ್ಟ್ ಸೂಚಿಸಿದ ಅಳತೆ ಎಡ ಸ್ಟಿಕ್ಕಿಗೆ 7849, ಬಲಕ್ಕೆ 8689. ಲೆಕ್ಕ ಹಾಕಿ, ಸುಮಾರು ಕಾಲು ಭಾಗ! ಆ ಅಳತೆ ಇಟ್ಟುಕೊಂಡ ಆಟದಲ್ಲಿ ಸ್ಟಿಕ್ ನೂರಕ್ಕೆ ಇಪ್ಪತ್ತರಷ್ಟು ಜಾರಿದ್ದರೂ ಪರದೆ ಮೇಲೆ ಶಾಂತಿ. ಡೆಡ್‌ಝೋನ್ ಚಿಕ್ಕದಿರುವ ಇನ್ನೊಂದು ಆಟಕ್ಕೆ ಹೋದಾಗ ಬಣ್ಣ ಬಯಲಾಗುತ್ತದೆ.

ಹಾಗಾಗಿ ಆಟ ಬೇಡ, ಬ್ರೌಸರಿನಲ್ಲಿ ತೆರೆಯುವ ಗೇಮ್‌ಪ್ಯಾಡ್ ಟೆಸ್ಟರ್ ಸಾಕು. ಅದು ಡೆಡ್‌ಝೋನ್ ಇಲ್ಲದೆ ಹಸಿ ಅಂಕಿಯನ್ನೇ ತೋರಿಸುತ್ತದೆ. ಸ್ಟಿಕ್ ಬಿಟ್ಟಾಗ ಸೊನ್ನೆಯ ಪಕ್ಕದಲ್ಲೇ ನಿಲ್ಲಬೇಕು. ನಾನು ಮಾಡುವುದು ಇಷ್ಟು: ಸ್ಟಿಕ್ಕನ್ನು ಮೂಲೆಗೆ ಎಳೆದು ಪಟಕ್ಕನೆ ಬಿಡುತ್ತೇನೆ, ಬೇರೆ ಬೇರೆ ದಿಕ್ಕಿಗೆ. ಪ್ರತಿಸಲ ಒಂದೇ ಜಾಗಕ್ಕೆ ವಾಪಸ್ ಬರುತ್ತಾ ಅಂತ ನೋಡುತ್ತೇನೆ. ಅಂಗಡಿಯ ಏಳು ಬಣ್ಣದ ಕಂಟ್ರೋಲರ್ ಎಡದಿಂದ ಬಿಟ್ಟರೆ 0.09ಕ್ಕೆ ನಿಲ್ಲುತ್ತಿತ್ತು, ಬಲದಿಂದ ಬಿಟ್ಟರೆ ಇನ್ನೆಲ್ಲೋ. ಹೊಸದರಲ್ಲೇ ಹೀಗೆ! ಆಮೇಲೆ ಸ್ಟಿಕ್ಕನ್ನು ಅಂಚಿಗೆ ಒತ್ತಿ ನಿಧಾನ ಒಂದು ಸುತ್ತು ತಿರುವಬೇಕು. ಪರದೆಯ ಚುಕ್ಕೆ ದುಂಡಗೆ ಸುತ್ತಬೇಕು. ಎಲ್ಲಾದರೂ ನೆಗೆದರೆ ಅಥವಾ ಒಂದು ಕಡೆ ಅಂಚು ಮುಟ್ಟದಿದ್ದರೆ ಅಲ್ಲಿಗೆ ಕೈಮುಗಿಯಿರಿ.

ತೋರುಬೆರಳಿನಿಂದ ಒತ್ತುವ ಟ್ರಿಗರ್ ಕೂಡ ಅಲ್ಲೇ ನೋಡಿಕೊಳ್ಳಿ. ಕಾರ್ ರೇಸ್ ಆಡುವವರಿಗೆ ಅದು ಆಕ್ಸಿಲರೇಟರ್. ನಿಧಾನ ಒತ್ತಿದರೆ ಅಂಕಿಯೂ ನಿಧಾನ ಏರಬೇಕು. ಕೆಲವು ಅಗ್ಗದವುಗಳಲ್ಲಿ ಟ್ರಿಗರ್ ಬರೀ ಸ್ವಿಚ್ಚು. ಒತ್ತಿದರೆ ಪೂರ್ತಿ, ಬಿಟ್ಟರೆ ಸೊನ್ನೆ. ಅದರಲ್ಲಿ ತಿರುವಿಗೆ ಬಂದಾಗ ಅರ್ಧ ಸ್ಪೀಡಿಗೆ ಇಳಿಸುವುದು ಸಾಧ್ಯವೇ ಇಲ್ಲ.

"ಇದು ಯಾವ್ದಕ್ಕ ನಡೀತೈತ್ರಿ?" ಅಂತ ಕೊನೆಗೆ ಕೇಳಿದೆ. "ಎಲ್ಲಾಕ್ಕೂ ನಡೀತೈತ್ರಿ ಅಕ್ಕಾರ, ಪಿಸಿ, ಮೊಬೈಲ್, ಟಿವಿ, ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್" ಅಂದರು. ಈ ಉತ್ತರ ಬಂದಾಗ ಹುಷಾರಾಗಿರಿ. ಪ್ಲೇಸ್ಟೇಷನ್ 4ರ ಮಾದರಿಯ ಕಂಟ್ರೋಲರಿನಲ್ಲಿ ಪ್ಲೇಸ್ಟೇಷನ್ 5ರ ಆಟ ಆಡಲು ಬರುವುದಿಲ್ಲ, ಹಳೇ ಆಟ ಮಾತ್ರ. ಎಕ್ಸ್‌ಬಾಕ್ಸ್ ಇನ್ನೂ ಬಿಗಿ. ಅದರ ವೈರ್‌ಲೆಸ್ ಪದ್ಧತಿಯೇ ಮೈಕ್ರೋಸಾಫ್ಟಿನ ಸ್ವಂತದ್ದು. 2023ರ ನವೆಂಬರಿನಿಂದ ಪರವಾನಗಿ ಇಲ್ಲದ ಕಂಟ್ರೋಲರ್ ಹಾಕಿದರೆ 0ಎಕ್ಸ್82ಡಿ60002 ಅನ್ನುವ ಎರರ್ ತೋರಿಸಿ ಹೊರಗೆ ತಳ್ಳಲು ಶುರು ಮಾಡಿದರು. ನಿಂಟೆಂಡೊ ಸ್ವಿಚ್ಚಿಗಾದರೆ ಎ ಮತ್ತು ಬಿ ಬಟನ್ನುಗಳ ಜಾಗ ಅದಲುಬದಲು, ಒಂದು ವಾರ ತಲೆ ತಿರುಗುತ್ತದೆ. ಮನೆಯಲ್ಲಿ ಯಾವ ಯಂತ್ರ ಇದೆ ಅನ್ನೋದನ್ನು ಮೊದಲು ಇಟ್ಟುಕೊಂಡು, ಆಮೇಲೆ ಕಂಟ್ರೋಲರ್ ಹುಡುಕಬೇಕು. ನಮ್ಮ ಮನೆಯಲ್ಲಿ ಇರುವುದು ಒಂದು ವಿಂಡೋಸ್ ಲ್ಯಾಪ್‌ಟಾಪ್, ಎರಡು ಆಂಡ್ರಾಯ್ಡ್ ಫೋನು. ಹಾಗಾಗಿ ದಾರಿ ಸಲೀಸಾಗಿತ್ತು.

ಹಾಲ್ ಸ್ಟಿಕ್ಕಿನದು ಆ ದಿನ ಅಲ್ಲಿ ಸಿಗಲಿಲ್ಲ. ಅಂಗಡಿಯವರಿಗೆ ಹೇಳಿ ಬಂದೆ, ಆನ್‌ಲೈನಿನಲ್ಲಿ ತರಿಸಿದೆ. ಸ್ಥಳೀಯ ಅಂಗಡಿಯಲ್ಲಿ ಕೊಂಡರೆ ಕೆಟ್ಟಾಗ ಹೋಗಿ ಕೇಳಲು ಒಂದು ಮುಖ ಇರುತ್ತದೆ, ಅದು ನಿಜ. ಹೊರಗಿನಿಂದ ತರಿಸಿದ ಮಾಲಿಗೆ ವಾರಂಟಿ ಯಾರು ಕೊಡುತ್ತಾರೆ, ಎಷ್ಟು ದಿನ ಕೊಡುತ್ತಾರೆ ಅಂತ ಮಾರುವವರ ಪುಟದಲ್ಲಿ ಓದಿಯೇ ಮುಂದಕ್ಕೆ ಹೋಗಿ. ನಾನು ಓದಿದೆ, ವಾಪಸ್ ಕಳಿಸುವ ಅವಧಿ ಮುಗಿಯುವುದರೊಳಗೆ ಎಲ್ಲ ಪರೀಕ್ಷೆ ಮುಗಿಸಿದೆ.

ಇನ್ನು 2ಸಿ ಬಗ್ಗೆ. ಏಟ್‌ಬಿಟ್‌ಡು ಚೀನಾದ ಶೆನ್‌ಝೆನ್ ಊರಿನ ಕಂಪನಿ. ಹಳೇ ಕಾಲದ ಟಿವಿ ಗೇಮುಗಳ ಕಂಟ್ರೋಲರನ್ನು ಬ್ಲೂಟೂತಿಗೆ ತಂದು ಹೆಸರು ಮಾಡಿದವರು. 2ಸಿ ವೈರ್‌ಲೆಸ್ 2024ರಲ್ಲಿ ಬಂತು. ಆಗ ಅಮೆರಿಕದ ಬೆಲೆ ಸುಮಾರು 30 ಡಾಲರ್ ಇತ್ತು. ನನಗೆ ಮೂರು ಸಾವಿರದ ಆಸುಪಾಸಿನಲ್ಲಿ ಬಿತ್ತು. ಆ ರೇಟಿಗೆ ಸ್ಟಿಕ್ ಮತ್ತು ಟ್ರಿಗರ್ ಎರಡರಲ್ಲೂ ಹಾಲ್ ಸೆನ್ಸರ್ ಇದೆ. ಡಬ್ಬಿಯಲ್ಲಿ ಕಂಟ್ರೋಲರ್, ಲ್ಯಾಪ್‌ಟಾಪಿಗೆ ಚುಚ್ಚುವ ಒಂದು ಪುಟ್ಟ ವೈರ್‌ಲೆಸ್ ಡಾಂಗಲ್, ಟೈಪ್ ಸಿ ವೈರು, ಅಷ್ಟೇ. ಲೈಟಿನ ಆಡಂಬರ ಇಲ್ಲ. ನೋಡಲು ಮಕ್ಕಳ ಆಟಿಕೆ ಥರ ಕಾಣುತ್ತದೆ ಅಂತ ತಮ್ಮ ಮೊದಲ ದಿನ ಮೂಗು ಮುರಿದ. ಈಗ ಅವನ ಕೈಯಿಂದ ಬಿಡಿಸಿಕೊಳ್ಳುವುದೇ ಕಷ್ಟ.

ನನ್ನ ಕೈ ಚಿಕ್ಕದು. ದೊಡ್ಡ ಕಂಟ್ರೋಲರ್ ಹಿಡಿದರೆ ಹೆಬ್ಬೆರಳು ಬಲಗಡೆ ಸ್ಟಿಕ್ಕಿನ ತುದಿ ಮುಟ್ಟುವಷ್ಟರಲ್ಲಿ ಅಂಗೈ ಎದ್ದುಬಿಡುತ್ತದೆ. ಇದರಲ್ಲಿ ಹಾಗಾಗಲ್ಲ. ತಮ್ಮನ ಕೈ ನನ್ನದರ ಒಂದೂವರೆ ಪಟ್ಟು ಇದೆ, ಅವನೂ ದೂರು ಹೇಳಿಲ್ಲ. ಸ್ಟಿಕ್ಕಿನ ಕಾಂಡ ಹೊರಗಿನ ಅಂಚಿಗೆ ತಾಗುವ ಜಾಗದಲ್ಲಿ ಲೋಹದ ಉಂಗುರ ಇದೆ. ಇದು ಸಣ್ಣ ವಿಷಯ ಅನ್ನಿಸುತ್ತದೆ, ಆದರೆ ನಮ್ಮ ಹಳೇ ಕಂಟ್ರೋಲರಿನಲ್ಲಿ ಅಲ್ಲಿ ಪ್ಲಾಸ್ಟಿಕ್ ಸವೆದು ಬಿಳಿ ಪುಡಿ ಸೇರಿಕೊಳ್ಳುತ್ತಿತ್ತು. ಇದರಲ್ಲಿ ಇಷ್ಟು ದಿನ ತಿರುವಿದರೂ ಪುಡಿ ಕಂಡಿಲ್ಲ.

ಟೆಸ್ಟರಿನಲ್ಲಿ ಹಾಕಿದಾಗ ಬಿಟ್ಟ ಸ್ಟಿಕ್ ಸೊನ್ನೆಗೆ ಅಂಟಿಕೊಂಡಂತೆ ನಿಂತಿತು. ಈಗಲೂ ಹಾಗೇ ಇದೆ, ಈ ಬರಹಕ್ಕೆ ಕೂರುವ ಮುಂಚೆ ಮತ್ತೆ ಹಾಕಿ ನೋಡಿದೆ. ಸುಮ್ನೆ ಕುತೂಹಲಕ್ಕೆ ವರ್ಕ್‌ಶಾಪಿನಿಂದ ಹಳೇ ಮೋಟರಿನ ಒಂದು ಮ್ಯಾಗ್ನೆಟ್ ತಂದು ಸ್ಟಿಕ್ಕಿನ ಹತ್ತಿರ ಹಿಡಿದೆ. ಬೆರಳು ಸೋಕಿಸದೆಯೇ ಪರದೆಯ ಚುಕ್ಕೆ ಪಕ್ಕಕ್ಕೆ ಸರಿಯಿತು. ಮ್ಯಾಗ್ನೆಟ್ ತೆಗೆದೆ, ವಾಪಸ್ ಬಂತು. ತಮ್ಮ ದಂಗಾಗಿ ನೋಡುತ್ತಿದ್ದ. ಒಳಗೆ ಇರುವುದು ನಿಜವಾಗಲೂ ಹಾಲ್ ಸೆನ್ಸರೇ ಅನ್ನೋದಕ್ಕೆ ಇದಕ್ಕಿಂತ ಸುಲಭದ ಪುರಾವೆ ಬೇಡ. ಕಾರ್ಬನ್ ಪಟ್ಟಿಯದಾದರೆ ಅಲ್ಲಾಡುವುದಿಲ್ಲ. ಹಾಗಂತ ಹಿಂದೆ ಮ್ಯಾಗ್ನೆಟ್ ಇರುವ ಮೊಬೈಲ್ ಕವರ್, ದೊಡ್ಡ ಸ್ಪೀಕರ್ ಇವುಗಳ ಮೇಲೆ ಕಂಟ್ರೋಲರ್ ಇಟ್ಟು ಆಡಬೇಡಿ.

ಹಾಲ್ ಅಂದರೆ ಅಮರ ಅಂತಲೂ ಅಲ್ಲ. ಸೆನ್ಸರ್ ಸವೆಯದಿದ್ದರೂ ಸ್ಟಿಕ್ಕನ್ನು ನಡುವಿಗೆ ತರುವ ಸ್ಪ್ರಿಂಗ್ ಇದ್ದೇ ಇದೆ. ಅದು ಸಡಿಲಾದರೆ ಸ್ಟಿಕ್ ನಡುವಿಗೆ ಸರಿಯಾಗಿ ಬರುವುದಿಲ್ಲ. ನಾವು ದಿನಾ ನೋಡುವ ಥ್ರಾಟಲ್‌ಗಳಲ್ಲೂ ಜಾಸ್ತಿ ಕೈಕೊಡುವುದು ಸ್ಪ್ರಿಂಗು ಮತ್ತು ವೈರು, ಸೆನ್ಸರ್ ಕಡಿಮೆ. "ಜೀವಮಾನವಿಡೀ ಡ್ರಿಫ್ಟ್ ಇಲ್ಲ" ಅಂತ ಜಾಹೀರಾತು ಕಂಡರೆ ಆ ಮಾತಿಗೆ ಸ್ವಲ್ಪ ರಿಯಾಯಿತಿ ಕೊಟ್ಟು ಓದಿ.

ನಾಲ್ಕು ದಿಕ್ಕಿನ ಡಿ-ಪ್ಯಾಡ್ ಬಹಳ ಚೆನ್ನಾಗಿದೆ. ಹಳೇ ಟಿವಿ ಗೇಮ್ ಕಂಟ್ರೋಲರ್ ಮಾಡಿ ಕೈ ಪಳಗಿದವರು, ಅದು ಗೊತ್ತಾಗುತ್ತದೆ. ಕುಸ್ತಿ, ಹೊಡೆದಾಟದ ಆಟಗಳಲ್ಲಿ ಓರೆಯಾಗಿ ಒತ್ತಿದರೆ ಓರೆಯಾಗಿಯೇ ಹೋಗುತ್ತದೆ. ಭುಜದ ಬಟನ್ನುಗಳ ಪಕ್ಕದಲ್ಲಿ ಎಲ್4, ಆರ್4 ಅಂತ ಎರಡು ಹೆಚ್ಚಿನ ಬಟನ್ ಇವೆ. ಸ್ಟಾರ್ ಗುರುತಿನ ಬಟನ್ ಬಳಸಿ ಬೇರೆ ಯಾವ ಬಟನ್ನಿನ ಕೆಲಸವನ್ನಾದರೂ ಇವಕ್ಕೆ ಕೊಡಬಹುದು, ಕಂಪ್ಯೂಟರ್ ಬೇಕಿಲ್ಲ. ನಾನು ಸ್ಟಿಕ್ ಒತ್ತುವ ಕೆಲಸವನ್ನು ಎಲ್4ಗೆ ಕೊಟ್ಟಿದ್ದೇನೆ. ಓಡಬೇಕಾದಾಗಲೆಲ್ಲ ಸ್ಟಿಕ್ ಒತ್ತುವುದು ಸ್ಟಿಕ್ಕಿಗೂ ಒಳ್ಳೆಯದಲ್ಲ, ಹೆಬ್ಬೆರಳಿಗೂ ಅಲ್ಲ. ಆರ್4 ಮಾತ್ರ ನನಗೆ ಆಗಾಗ ತಪ್ಪಿ ಒತ್ತಿ ಹೋಗುತ್ತದೆ, ಅದನ್ನು ಖಾಲಿ ಬಿಟ್ಟಿದ್ದೇನೆ.

ವೈರ್‌ಲೆಸ್ ವಿಷಯಕ್ಕೆ ಬರೋಣ. ಇದರಲ್ಲಿ ಎರಡು ದಾರಿ ಇವೆ. ಲ್ಯಾಪ್‌ಟಾಪಿಗೆ 2.4 ಗಿಗಾಹರ್ಟ್ಸ್ ಡಾಂಗಲ್, ಆಂಡ್ರಾಯ್ಡಿಗೆ ಬ್ಲೂಟೂತ್. ಈ ಮಾದರಿ ನಿಂಟೆಂಡೊ ಸ್ವಿಚ್ಚಿಗೆ ನಡೆಯುವುದಿಲ್ಲ. ಸ್ವಿಚ್ ಇರುವವರಿಗೆ 2ಸಿ ಬ್ಲೂಟೂತ್ ಅಂತ ಬೇರೆಯೇ ಮಾದರಿ ಇದೆ. ಹೆಸರು ಹೆಚ್ಚುಕಡಿಮೆ ಒಂದೇ, ಡಬ್ಬಿಯೂ ಒಂದೇ ಥರ, ಹಾಗಾಗಿ ಆರ್ಡರ್ ಮಾಡುವ ಮುಂಚೆ ಎರಡು ಸಲ ಓದಿ. ಡಾಂಗಲ್ ಹಾಕಿದ ತಕ್ಷಣ ವಿಂಡೋಸ್ ಇದನ್ನು ಎಕ್ಸ್‌ಬಾಕ್ಸ್ ಕಂಟ್ರೋಲರ್ ಅಂತ ತಿಳಿದುಕೊಳ್ಳುತ್ತದೆ. ಡ್ರೈವರ್ ಹುಡುಕುವ ರಗಳೆ ಇಲ್ಲ.

ಮೊದಲ ವಾರ ಒಂದು ತೊಂದರೆ ಬಂತು. ಆಟದ ನಡುವೆ ಕಂಟ್ರೋಲರ್ ಆಗೊಮ್ಮೆ ಈಗೊಮ್ಮೆ ತಡವರಿಸುತ್ತಿತ್ತು. ಕಂಟ್ರೋಲರಿನ ದೋಷ ಇರಬಹುದಾ ಅಂತ ವಾಪಸ್ ಕಳಿಸಲು ತಮ್ಮ ಡಬ್ಬಿ ಹುಡುಕತೊಡಗಿದ. ನೋಡಿದರೆ ಡಾಂಗಲ್ ಕೂತಿದ್ದು ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟಿನಲ್ಲಿ, ಪಕ್ಕದಲ್ಲೇ ಹೊರಗಿನ ಹಾರ್ಡ್ ಡಿಸ್ಕ್. ಯುಎಸ್‌ಬಿ 3ರ ವೈರು, ಪೋರ್ಟುಗಳು 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲೇ ಗದ್ದಲ ಎಬ್ಬಿಸುತ್ತವೆ. ಇಂಟೆಲ್ ಕಂಪನಿಯೇ 2012ರಲ್ಲಿ ಇದನ್ನು ಬರೆದು ಪ್ರಕಟಿಸಿದೆ. ಒಂದು ಮೊಳದ ಯುಎಸ್‌ಬಿ ಎಕ್ಸ್‌ಟೆನ್ಷನ್ ವೈರ್ ತಂದು ಡಾಂಗಲನ್ನು ಲ್ಯಾಪ್‌ಟಾಪಿನಿಂದ ದೂರ, ಟೇಬಲ್ ಮುಂದಕ್ಕೆ ತಂದೆ. ತಡವರಿಕೆ ನಿಂತೇಹೋಯಿತು. ಯಾವ ಕಂಪನಿಯ ವೈರ್‌ಲೆಸ್ ಕಂಟ್ರೋಲರ್ ಇದ್ದರೂ ಈ ಕೆಲಸ ಮಾಡಿ, ನೂರು ನೂರೈವತ್ತು ರೂಪಾಯಿಯ ಖರ್ಚು. ಡಾಂಗಲ್ ಕಳೆದರೆ ಮಾತ್ರ ಪೇಚು. ಬೇರೆ ಕಂಪನಿಯ ಡಾಂಗಲ್ ಇದಕ್ಕೆ ಆಗುವುದಿಲ್ಲ. ಬೆರಳಿನ ಉಗುರಿನಷ್ಟು ಇರುವ ವಸ್ತು, ಅವ್ವ ಕಸ ಹೊಡೆಯುವಾಗ ಸಿಕ್ಕರೆ ಅಲ್ಲಿಗೆ ಮುಗೀತು.

ಡಬ್ಬಿ ಮೇಲೆ 1000 ಹರ್ಟ್ಸ್ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಅಂದರೆ ಕಂಟ್ರೋಲರ್ ತನ್ನ ಸುದ್ದಿಯನ್ನು ಸೆಕೆಂಡಿಗೆ ಸಾವಿರ ಸಲ, ಒಂದು ಮಿಲಿಸೆಕೆಂಡಿಗೆ ಒಂದು ಸಲ ಕಳಿಸುತ್ತದೆ. 125 ಹರ್ಟ್ಸ್ ಆದರೆ 8 ಮಿಲಿಸೆಕೆಂಡಿಗೆ ಒಂದು ಸಲ. ನನ್ನ ಲ್ಯಾಪ್‌ಟಾಪಿನ ಪರದೆ 60 ಹರ್ಟ್ಸಿನದು. ಒಂದು ಚಿತ್ರ ಬದಲಾಗಲು ಸುಮಾರು 16.7 ಮಿಲಿಸೆಕೆಂಡ್ ಬೇಕು. ಅಲ್ಲಿಗೆ 250ಕ್ಕೂ 1000ಕ್ಕೂ ಇರುವ 3 ಮಿಲಿಸೆಕೆಂಡ್ ವ್ಯತ್ಯಾಸ ನನ್ನಂಥವಳ ಕೈಗೆ ತಿಳಿಯುವುದಿಲ್ಲ. ತಿಳಿಯುತ್ತದೆ ಅನ್ನುವವರಿಗೆ ನಮಸ್ಕಾರ. ಆದರೆ ಬ್ಲೂಟೂತಿಗೂ ಡಾಂಗಲಿಗೂ ಇರುವ ವ್ಯತ್ಯಾಸ ನನಗೂ ತಿಳಿಯುತ್ತದೆ. ಫೋನಿನಲ್ಲಿ ಬ್ಲೂಟೂತ್ ಹಾಕಿ ರೇಸ್ ಆಡುವಾಗ ತಿರುವು ಒಂದು ಕೂದಲೆಳೆ ತಡ ಅನ್ನಿಸುತ್ತದೆ. ಸಮಯ ಕಳೆಯಲು ಅಡ್ಡಿಯಿಲ್ಲ, ಪಂದ್ಯ ಕಟ್ಟಿ ಆಡಲು ಬೇಡ.

ಬ್ಯಾಟರಿ 480 ಎಂಎಎಚ್. ಕಾಗದದ ಮೇಲೆ ಚಿಕ್ಕದು. ಲೈಟಿನ ಗದ್ದಲ ಇಲ್ಲದ್ದರಿಂದ ನಮ್ಮ ದಿನದ ಆಟಕ್ಕೆ ಹಲವು ರಾತ್ರಿ ಬರುತ್ತದೆ. ಚಾರ್ಜ್ ಮಾಡಲು ಫೋನಿನ ಸಾದಾ ಚಾರ್ಜರ್ ಸಾಕು. ಮುಗಿದರೆ ವೈರ್ ಚುಚ್ಚಿಕೊಂಡು ಆಡಬಹುದು.

ಬೇಜಾರಿನ ಸಂಗತಿಗಳೂ ಇವೆ. ಪೀಚ್ ಬಣ್ಣ ನನ್ನ ಕೆಲಸಕ್ಕೆ ಹೇಳಿ ಮಾಡಿಸಿದ್ದಲ್ಲ, ಗ್ರೀಸ್ ಕೈಯ ಕಲೆ ಹಿಡಿಯ ಮೂಲೆಯಲ್ಲಿ ಕೂತುಬಿಟ್ಟಿದೆ. ಹಿಡಿಯ ಹಿಂಭಾಗ ನುಣುಪು, ಏಪ್ರಿಲ್ ಸೆಕೆಗೆ ಜಾರುತ್ತದೆ. ಚಾರ್ಜಿಂಗ್ ಸ್ಟ್ಯಾಂಡ್ ಇಲ್ಲ. ಇದು ಮೊದಲು ಕೊರತೆ ಅನ್ನಿಸಿರಲಿಲ್ಲ. ಆದರೆ ತಮ್ಮ ಆಟ ಮುಗಿಸಿ ಎಲ್ಲೆಂದರಲ್ಲಿ ಬಿಟ್ಟು ಮಲಗುತ್ತಾನೆ, ಮರುದಿನ ನಾನು ಹಿಡಿದಾಗ ಕೆಂಪು ದೀಪ ಮಿಣುಕುತ್ತಿರುತ್ತದೆ. ಇದಕ್ಕೆ ಕಂಟ್ರೋಲರನ್ನು ಬೈಯುವುದೋ ತಮ್ಮನನ್ನು ಬೈಯುವುದೋ ನೀವೇ ಹೇಳಿ.

ಇಲ್ಲಿಂದ ಮುಂದಕ್ಕೆ ಏರಬೇಕು ಅನ್ನುವವರಿಗೆ. ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡಿರುವ ನನ್ನ ಗೆಳತಿಯ ಹತ್ತಿರ ಗೇಮ್‌ಸರ್ ಸೈಕ್ಲೋನ್ 2 ಇದೆ. ಅದರಲ್ಲಿ ಟಿಎಂಆರ್ ಸ್ಟಿಕ್. ಇದೂ ಮ್ಯಾಗ್ನೆಟಿನದೇ ಪದ್ಧತಿ. ಆದರೆ ಸೆನ್ಸರ್ ಇನ್ನೂ ಸೂಕ್ಷ್ಮ, ಕರೆಂಟ್ ಕಡಿಮೆ ತಿನ್ನುತ್ತದೆ. ಒಂದು ಭಾನುವಾರ ಅವಳ ರೂಮಿನಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ಆಡಿದೆವು. ಸ್ಟಿಕ್ಕಿನಲ್ಲಿ ನನಗೆ ವ್ಯತ್ಯಾಸ ಸಿಗಲಿಲ್ಲ. ಬಟನ್ನಿನಲ್ಲಿ ಸಿಕ್ಕಿತು. ಅದರದು ಮೌಸಿನ ಥರ ಟಿಕ್ ಟಿಕ್ ಅನ್ನುವ ಮೈಕ್ರೋಸ್ವಿಚ್. ಬೆರಳಿಗೆ ಖುಷಿ, ನಿಜ. ಆದರೆ ನಮ್ಮ ಮನೆಯಲ್ಲಿ ನಡುಮನೆಯಲ್ಲೇ ಅವ್ವ ಮಲಗುತ್ತಾಳೆ. ರಾತ್ರಿ ಹನ್ನೊಂದಕ್ಕೆ ಆ ಟಿಕ್ ಟಿಕ್ ಶುರುವಾದರೆ ಕಂಟ್ರೋಲರ್ ಸಮೇತ ನನ್ನನ್ನೂ ಹೊರಗೆ ಹಾಕುತ್ತಾಳೆ. 2ಸಿಯ ಮೆತ್ತನೆ ಬಟನ್ನೇ ನನಗೆ ಸರಿ. ಗೆಳತಿಯ ಹತ್ತಿರ ನಿಂಟೆಂಡೊ ಸ್ವಿಚ್ ಕೂಡ ಇದೆ, ಅವಳಿಗೆ ಪಿಸಿ, ಫೋನು, ಸ್ವಿಚ್ ಮೂರೂ ಕಡೆ ನಡೆಯುವ ಸೈಕ್ಲೋನೇ ಸರಿ.

ಹಳೇ ಕಂಟ್ರೋಲರಿಗೇ ಹಾಲ್ ಸ್ಟಿಕ್ ಹಾಕಿಸಬಹುದಲ್ಲ ಅಂತ ಕೆಲವರು ಕೇಳುತ್ತಾರೆ. ಹಾಕಬಹುದು. ಗುಲಿಕಿಟ್‌ನಂಥ ಕಂಪನಿಗಳು ಬಿಡಿ ಸ್ಟಿಕ್ ಮಾಡ್ಯೂಲ್ ಮಾರುತ್ತವೆ. ಆದರೆ ಒಂದೊಂದು ಸ್ಟಿಕ್ಕಿಗೆ ಹದಿನಾಲ್ಕು ಕಾಲು. ಎಲ್ಲವನ್ನೂ ಬೋರ್ಡಿನಿಂದ ಬಿಡಿಸಿ, ತೂತು ಸ್ವಚ್ಛ ಮಾಡಿ, ಹೊಸದನ್ನು ಬೆಸೆಯಬೇಕು. ಬಿಸಿ ಜಾಸ್ತಿಯಾದರೆ ಬೋರ್ಡಿನ ತಾಮ್ರದ ಪದರವೇ ಎದ್ದು ಬರುತ್ತದೆ. ಬೆಸೆದ ಮೇಲೂ ನಡು ಸರಿಹೊಂದಿಸಲು ಕಂಟ್ರೋಲರಿನಲ್ಲಿ ಕ್ಯಾಲಿಬ್ರೇಷನ್ ಸೌಲಭ್ಯ ಬೇಕು. ಪ್ಲೇಸ್ಟೇಷನ್, ಎಕ್ಸ್‌ಬಾಕ್ಸಿನ ಆರೇಳು ಸಾವಿರದ ಕಂಟ್ರೋಲರಿಗೆ ಈ ಕಷ್ಟ ಪಡಬಹುದು. ಸಾವಿರ ಚಿಲ್ಲರೆಯದಕ್ಕೆ ಖಂಡಿತ ಬೇಡ. ದಿನಾ ಸೋಲ್ಡರಿಂಗ್ ಐರನ್ ಹಿಡಿಯುವ ನಾನೇ ನಮ್ಮ ಹಳೇದಕ್ಕೆ ಕೈ ಹಾಕಲಿಲ್ಲ. ಅದರ ಮೋಟರು, ಬ್ಯಾಟರಿ ಬಿಡಿಸಿಟ್ಟುಕೊಂಡಿದ್ದೇನೆ, ಯಾವುದಕ್ಕಾದರೂ ಬರುತ್ತದೆ.

ಏಟ್‌ಬಿಟ್‌ಡುವಿನಲ್ಲೇ ಮೇಲಿನ ಮೆಟ್ಟಿಲು ಅಂದರೆ 2025ರಲ್ಲಿ ಬಂದ ಅಲ್ಟಿಮೇಟ್ 2 ವೈರ್‌ಲೆಸ್. ಟಿಎಂಆರ್ ಸ್ಟಿಕ್, ಹಿಂಭಾಗದಲ್ಲಿ ಇನ್ನೆರಡು ಪ್ಯಾಡಲ್ ಬಟನ್, ಟ್ರಿಗರನ್ನು ಉದ್ದಕ್ಕೂ ಒತ್ತುವಂತೆ ಅಥವಾ ಸ್ವಿಚ್ಚಿನಂತೆ ಬದಲಿಸುವ ಗುಂಡಿ, ಸ್ಟಿಕ್ ಸುತ್ತ ಬಣ್ಣದ ಲೈಟು, ಜೊತೆಗೆ ಚಾರ್ಜಿಂಗ್ ಸ್ಟ್ಯಾಂಡು. ಬಂದಾಗ ಅಮೆರಿಕದ ಬೆಲೆ 60 ಡಾಲರ್ ಇತ್ತು, 2ಸಿಯ ಎರಡು ಪಟ್ಟು. ತಮ್ಮನಿಗೆ ಇಂಟರ್ನ್‌ಶಿಪ್ಪಿನ ಮೊದಲ ದುಡ್ಡು ಬಂದಾಗ ಹೋಗಿ ಇದನ್ನೇ ತಂದ, ನನ್ನ ಮಾತು ಕೇಳದೆ. ಈಗ ಎರಡೂ ಮನೆಯಲ್ಲಿವೆ. ನ್ಯಾಯವಾಗಿ ಹೇಳಬೇಕೆಂದರೆ ಮೂರು ಸಾವಿರ ಜಾಸ್ತಿ ಕೊಟ್ಟಿದ್ದಕ್ಕೆ ನಮಗೆ ನಿಜವಾಗಿ ದಕ್ಕಿದ್ದು ಆ ಸ್ಟ್ಯಾಂಡ್ ಒಂದೇ. ಆಟ ಮುಗಿದ ಮೇಲೆ ಅವನು ಅದನ್ನು ಅದರ ಜಾಗದಲ್ಲಿ ಇಡುತ್ತಾನೆ. ಹಿಂಭಾಗದ ಪ್ಯಾಡಲ್ ಅವನಿಗೆ ಗುಂಡು ಹೊಡೆಯುವ ಆಟದಲ್ಲಿ ಉಪಯೋಗಕ್ಕೆ ಬರುತ್ತದಂತೆ. ಲೈಟನ್ನು ಎರಡನೇ ವಾರಕ್ಕೆ ಅವನೇ ಆಫ್ ಮಾಡಿದ. ಬ್ಯಾಟರಿ ಬೇಗ ಇಳಿಯುತ್ತಿತ್ತು.

ಹಾಗಾಗಿ ಮೂರು ಸಾವಿರ ಕೈಯಲ್ಲಿದ್ದು, ಆಡುವುದು ಪಿಸಿ ಅಥವಾ ಆಂಡ್ರಾಯ್ಡಿನಲ್ಲಿ ಅಂದರೆ 2ಸಿ ತಗೊಳ್ಳಿ, ಜೊತೆಗೆ ಆ ಯುಎಸ್‌ಬಿ ವೈರ್ ಒಂದು. ಗುಂಡು ಹೊಡೆಯುವ ಆಟವೇ ಜಾಸ್ತಿ ಅಂದರೆ ಅಲ್ಟಿಮೇಟ್ 2. ಸ್ವಿಚ್ಚೂ ಇದೆ, ರೂಮಿನಲ್ಲಿ ಒಬ್ಬರೇ ಇದ್ದೀರಿ ಅಂದರೆ ಸೈಕ್ಲೋನ್. ಎಕ್ಸ್‌ಬಾಕ್ಸ್ ಇದ್ದವರು ಇದ್ಯಾವುದಕ್ಕೂ ಕೈ ಹಾಕದೆ ಡಬ್ಬಿಯ ಮೇಲೆ ಎಕ್ಸ್‌ಬಾಕ್ಸಿನ ಪರವಾನಗಿ ಗುರುತು ಇರುವುದನ್ನೇ ಹುಡುಕಿ. ವೈರಿನದಾದರೂ ಪರವಾಗಿಲ್ಲ, ಗೇಮ್‌ಸರ್ ಜಿ7 ಎಸ್‌ಇ ಅಂಥದ್ದೊಂದು, ಹಾಲ್ ಸ್ಟಿಕ್ ಇರುವುದು. ಕೊಪ್ಪಿಕರ್ ರೋಡಿನ ಆ ಅಣ್ಣನ ಅಂಗಡಿ ಮುಂದೆ ಮೊನ್ನೆ ಹಾದುಹೋಗುವಾಗ ಕೂಗಿ ಹೇಳಿದರು, "ಅಕ್ಕಾರ, ನೀವ್ ಕೇಳಿದ್ದ ಎಫೆಕ್ಟಿಂದು ಈಗ ತರ್ಸೀನ್ರಿ." ಲ್ಯಾಪ್‌ಟಾಪ್ ತಗೊಂಡು ಈ ಶನಿವಾರ ಹೋಗುವುದಿದೆ, ಗೆಳತಿಯ ಅಣ್ಣನಿಗೊಂದು ಬೇಕಂತೆ.